ಎರಡು ಮರ, ಒಂದು ಫೋನ್ ಕಾಲ್: ಅಲಬಾಮಾ ಮತ್ತು ಆಬರ್ನ್ ಕಥೆ

(1/6)
ಹೋದ ತಿಂಗಳು ನಮ್ಮ ಕ್ಲಾಸ್ ಗ್ರೂಪಲ್ಲಿ ಏನಾಯ್ತು ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಆರ್‌ಸಿಬಿ, ಸಿಎಸ್‌ಕೆ ಅಂತ ಶುರುವಾದ ಕಾಲೆಳೆಯೋ ಆಟ ರಾತ್ರಿ ಒಂದು ಗಂಟೆವರೆಗೂ ಹೋಯ್ತು. ಕೊನೆಗೆ ನಾನು ಹಾಕಿದ ಒಂದು ಮೀಮ್ ನೋಡಿ ನನ್ನ ಪಕ್ಕದ ಬೆಂಚಿನವನು ಗ್ರೂಪಿಂದ ಲೆಫ್ಟ್ ಆದ. ನಿಜ ಹೇಳಬೇಕಂದ್ರೆ ಆ ಮೀಮ್ ತಂಡದ ಬಗ್ಗೆ ಇರಲಿಲ್ಲ, ಅವನ ಬಗ್ಗೆ ಇತ್ತು. ಆಮೇಲೆ ನನ್ನ ತಲೆ ಕೊರೆದ ಪ್ರಶ್ನೆ ಒಂದೇ: ತಮಾಷೆ ಯಾವ ಜಾಗದಲ್ಲಿ ಮುಗಿಯುತ್ತೆ? ಅದನ್ನು ಹುಡುಕ್ತಾ ಹೋದಾಗ ಸಿಕ್ಕಿದ್ದೇ ಈ ಸಲದ ಕಥೆ.

ಅಮೆರಿಕದ ದಕ್ಷಿಣದಲ್ಲಿ ಅಲಬಾಮಾ ಅಂತ ರಾಜ್ಯ. ಅಲ್ಲಿ ಫುಟ್‌ಬಾಲ್ ಅಂದ್ರೆ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಆ ರಾಜ್ಯಕ್ಕೆ ಎನ್‌ಎಫ್‌ಎಲ್ ತಂಡವೇ ಇಲ್ಲ. ಹಾಗಾಗಿ ಜನರ ಪ್ರೀತಿಯೆಲ್ಲ ಕಾಲೇಜು ತಂಡಗಳ ಮೇಲೆ. ಟಸ್ಕಲೂಸಾ ಊರಿನ ಅಲಬಾಮಾ ಯೂನಿವರ್ಸಿಟಿ ಸ್ಟೇಡಿಯಂನಲ್ಲಿ ಸುಮಾರು 1 ಲಕ್ಷ ಜನ ಕೂರ್ತಾರೆ. ಕಾಲೇಜು ಹುಡುಗರ ಮ್ಯಾಚಿಗೆ! ಇನ್ನೊಂದು ಕಡೆ ಆಬರ್ನ್ ಯೂನಿವರ್ಸಿಟಿ. ಒಂದು ಗುಂಪು ಸಿಕ್ಕಿದವರಿಗೆಲ್ಲ ‘ರೋಲ್ ಟೈಡ್’ ಅನ್ನುತ್ತೆ, ಇನ್ನೊಂದು ‘ವಾರ್ ಈಗಲ್’ ಅನ್ನುತ್ತೆ. ಟೈಡ್ ಅಂದ್ರೆ ಸಮುದ್ರದ ಉಬ್ಬರ. ತಂಡದ ಹೆಸರು ಕ್ರಿಮ್ಸನ್ ಟೈಡ್. ಆದ್ರೂ ಟೈಡ್ ಸೋಪಿನ ಪುಡಿ ಡಬ್ಬಕ್ಕೆ ಟಾಯ್ಲೆಟ್ ಪೇಪರ್ ರೋಲ್ ಸಿಕ್ಕಿಸಿ ಕುಣಿಸೋ ಅಭಿಮಾನಿಗಳೂ ಇದ್ದಾರೆ. ರೋಲ್, ಟೈಡ್. ಅರ್ಥ ಆಯ್ತಲ್ಲ?

(2/6)
ಈ ಕಾಲೆಳೆತದ ಬೇರು ಆಟಕ್ಕಿಂತ ಹಳೇದು. ಅಲಬಾಮಾ ಯೂನಿವರ್ಸಿಟಿ ಶುರುವಾಗಿದ್ದು 1831ರಲ್ಲಿ. ಆಬರ್ನ್‌ನ ಕಾಲೇಜು 1872ರಲ್ಲಿ ರಾಜ್ಯದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜಾಯ್ತು. ಅಷ್ಟೇ ಸಾಕಾಯ್ತು. ಟಸ್ಕಲೂಸಾದವರ ಬಾಯಲ್ಲಿ ಆಬರ್ನ್ ಅಂದ್ರೆ ‘ದನದ ಕಾಲೇಜು’. ಆಬರ್ನ್‌ನವರು ಸುಮ್ನಿರ್ತಾರಾ? ‘ನಿಮ್ಮ ಫ್ಯಾನ್ಸಲ್ಲಿ ಎಷ್ಟು ಜನ ಆ ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ’ ಅಂತ ಕೇಳೋದು ಅವರ ಖಾಯಂ ಡೈಲಾಗ್. ಈ ಮಾತು ನೆನಪಿಟ್ಕೊಳ್ಳಿ, ಐದನೇ ಪೋಸ್ಟಲ್ಲಿ ಬೇಕಾಗುತ್ತೆ.

ಮೊದಲ ಮ್ಯಾಚ್ 1893ರ ಫೆಬ್ರವರಿ 22ರಂದು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಡೀತು. ಆಬರ್ನ್ 32, ಅಲಬಾಮಾ 22. ಜಗಳ ಅಲ್ಲಿಂದಲೇ ಶುರು. ಆ ಮ್ಯಾಚು 1892ರ ಸೀಸನ್ನಿನ ಕೊನೇದು ಅಂತ ಅಲಬಾಮಾ ಲೆಕ್ಕ, 1893ರ ಮೊದಲನೇದು ಅಂತ ಆಬರ್ನ್ ಲೆಕ್ಕ. ಒಂದೇ ಎಂಟ್ರಿ, ಎರಡು ಹಣಕಾಸು ವರ್ಷ. ನಮ್ಮ ಅಕೌಂಟೆನ್ಸಿ ಮೇಡಂ ನೋಡಿದ್ರೆ ಇಬ್ಬರನ್ನೂ ಕ್ಲಾಸಿಂದ ಆಚೆ ನಿಲ್ಲಿಸ್ತಿದ್ರು.

1907ರ ಮ್ಯಾಚ್ 6–6 ಸಮ ಆಯ್ತು. ಮುಂದಿನ ವರ್ಷದ ಮ್ಯಾಚಿಗೆ ಒಪ್ಪಂದ ಮಾಡುವಾಗ ಎಲ್ಲ ಕೆಟ್ಟುಹೋಯ್ತು. ಎಷ್ಟು ಆಟಗಾರರನ್ನು ಕರ್ಕೊಂಡು ಬರಬಹುದು, ಊಟ-ವಸತಿಗೆ ದಿನಕ್ಕೆ ಎಷ್ಟು ಕೊಡಬೇಕು, ಅಂಪೈರ್ ಎಲ್ಲಿಂದ ಬರಬೇಕು: ಈ ಮೂರರಲ್ಲಿ ಒಮ್ಮತ ಬರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಟಿಎ-ಡಿಎ ಜಗಳ. ಅದರಿಂದ ಎಷ್ಟು ವರ್ಷ ಮ್ಯಾಚ್ ನಿಂತುಹೋಯ್ತು ಗೊತ್ತಾ?

(3/6)
41 ವರ್ಷ. ಎರಡು ಮಹಾಯುದ್ಧ ಬಂದು ಹೋದ್ವು, ಒಂದೇ ರಾಜ್ಯದ ಈ ಎರಡು ಕಾಲೇಜು ಮೈದಾನದಲ್ಲಿ ಎದುರುಬದುರಾಗಲೇ ಇಲ್ಲ. ಬೈಕೊಳ್ಳೋದಕ್ಕೂ ಒಂದು ಸ್ಕೋರ್ ಬೇಕಲ್ವಾ? ‘ನಾವು ಆಡಿದ್ರೆ ನಿಮ್ಮನ್ನ ಸೋಲಿಸ್ತಿದ್ವಿ’ ಅಂತ ಇಬ್ಬರೂ ಹೇಳಬಹುದಿತ್ತು, ಇಬ್ಬರೂ ಸಾಬೀತು ಮಾಡೋ ಹಾಗಿರಲಿಲ್ಲ.

ಕೊನೆಗೆ 1947ರಲ್ಲಿ ರಾಜ್ಯದ ಶಾಸನಸಭೆಯೇ ‘ದಯವಿಟ್ಟು ಆಡಿ’ ಅನ್ನೋ ಅರ್ಥದ ನಿರ್ಣಯ ಪಾಸ್ ಮಾಡ್ತು. ಎರಡೂ ಕಾಲೇಜಿನ ಮುಖ್ಯಸ್ಥರು ಕೂತು ಮಾತಾಡಿದ್ರು. 1948ರ ಡಿಸೆಂಬರ್ 4, ಮ್ಯಾಚಿನ ದಿನ ಬೆಳಗ್ಗೆ ಎರಡೂ ಕಡೆಯ ವಿದ್ಯಾರ್ಥಿ ಸಂಘದ ಅಧ್ಯಕ್ಷರು ಬರ್ಮಿಂಗ್‌ಹ್ಯಾಮ್‌ನ ಪಾರ್ಕ್ ಒಂದರಲ್ಲಿ ಗುಂಡಿ ತೋಡಿ, ನಿಜವಾದ ಕೊಡಲಿಯೊಂದನ್ನು ಅದರಲ್ಲಿ ಹೂತರು. ಇನ್ನು ಹಗೆ ಬೇಡ ಅಂತ ಸಂಕೇತ. ಆಮೇಲೆ ಆಟ ಶುರುವಾಯ್ತು. ಅಲಬಾಮಾ 55, ಆಬರ್ನ್ 0. ಶಾಂತಿ ಒಪ್ಪಂದದ ದಿನವೇ ಇಂಥ ಹೊಡೆತ!

ಬರ್ಮಿಂಗ್‌ಹ್ಯಾಮ್ ಕಬ್ಬಿಣದ ಕಾರ್ಖಾನೆಗಳ ಊರು. ಹಾಗಾಗಿ ಈ ಮ್ಯಾಚಿಗೆ ‘ಐರನ್ ಬೌಲ್’ ಅಂತ ಹೆಸರು ಬಂತು. ದಶಕಗಳ ಕಾಲ ಟಿಕೆಟ್ ಅರ್ಧರ್ಧ ಹಂಚಿ ಅಲ್ಲೇ ಆಡಿಸ್ತಿದ್ರು. ಅಲಬಾಮಾ ತಂಡ ಆಬರ್ನ್ ಊರಿಗೇ ಹೋಗಿ ಐರನ್ ಬೌಲ್ ಆಡಿದ್ದು 1989ರಲ್ಲಿ, ಮೊದಲ ಸಲ. ಆತಿಥೇಯರು 30–20ರಲ್ಲಿ ಗೆದ್ರು.

(4/6)
ಒಳ್ಳೆ ಕಾಲೆಳೆತ ಅಂದ್ರೆ ಹೇಗಿರಬೇಕು ಅನ್ನೋದಕ್ಕೆ 1972 ನೋಡಿ. ಅಲಬಾಮಾ ಕೋಚ್ ಬೇರ್ ಬ್ರ್ಯಾಂಟ್, ಅಲ್ಲಿನವರಿಗೆ ಹೆಚ್ಚುಕಡಿಮೆ ದೇವರು. ಆ ಸೀಸನ್ನಲ್ಲಿ ಅವರ ತಂಡ ಒಂದೂ ಮ್ಯಾಚ್ ಸೋತಿರಲಿಲ್ಲ. ಕೊನೆಯ ಕ್ವಾರ್ಟರಲ್ಲಿ ಸ್ಕೋರ್ 16–0. ಆಬರ್ನ್ ಹೇಗೋ 3 ಪಾಯಿಂಟ್ ತಗೊಂಡ್ತು. ಆಮೇಲೆ ನಡೆದಿದ್ದು ನಂಬೋಕೆ ಕಷ್ಟ. ಅಲಬಾಮಾದವರು ಚೆಂಡನ್ನು ದೂರ ಒದೆಯೋಕೆ ಹೋದ್ರು, ಅದಕ್ಕೆ ಪಂಟ್ ಅಂತಾರೆ. ಬಿಲ್ ನ್ಯೂಟನ್ ಅಡ್ಡ ಬಿದ್ದು ತಡೆದ, ಡೇವಿಡ್ ಲ್ಯಾಂಗ್ನರ್ ಚೆಂಡು ಹಿಡಿದು ಓಡಿ ಸ್ಕೋರ್ ಮಾಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಪಂಟ್, ಮತ್ತೆ ಅದೇ ನ್ಯೂಟನ್, ಮತ್ತೆ ಅದೇ ಲ್ಯಾಂಗ್ನರ್. ಕಾಪಿ-ಪೇಸ್ಟ್. 17–16, ಆಬರ್ನ್ ಗೆಲುವು.

ಆಬರ್ನ್ ಫ್ಯಾನ್ಸ್ ‘ಪಂಟ್ ಬಾಮಾ ಪಂಟ್’ ಅಂತ ಕಾರಿಗೆ ಸ್ಟಿಕ್ಕರ್ ಅಂಟಿಸ್ಕೊಂಡು ಓಡಾಡಿದ್ರು. ‘ಒದೀರಪ್ಪ, ಇನ್ನೊಂದು ಸಲ ಒದೀರಿ!’ ಆ ಮಾತಲ್ಲಿ ಬೈಗುಳ ಇಲ್ಲ, ಯಾರ ಮನೆಯವರ ಸುದ್ದಿಯೂ ಇಲ್ಲ. ಮೈದಾನದಲ್ಲಿ ಆಗಿದ್ದನ್ನೇ ತಿರುಗಿಸಿ ಹೇಳೋದು, ಅಷ್ಟೇ. ಚೆನ್ನಾಗಿ ಉರಿಯುತ್ತೆ, ಆದ್ರೆ ಗಾಯ ಆಗಲ್ಲ.

(5/6)
ಆಬರ್ನ್ ಊರಲ್ಲಿ ಟೂಮರ್ಸ್ ಕಾರ್ನರ್ ಅಂತ ಒಂದು ಸರ್ಕಲ್. ಅಲ್ಲಿ ಎರಡು ದೊಡ್ಡ ಓಕ್ ಮರಗಳಿದ್ದವು. ತಂಡ ಗೆದ್ದಾಗೆಲ್ಲ ಜನ ಅಲ್ಲಿ ಸೇರಿ ಟಾಯ್ಲೆಟ್ ಪೇಪರ್ ರೋಲ್‌ಗಳನ್ನು ಕೊಂಬೆಗಳ ಮೇಲೆ ಎಸೀತಿದ್ರು. ಮರ ಪೂರ್ತಿ ಬಿಳಿ ಆಗ್ತಿತ್ತು.

2010ರ ನವೆಂಬರ್ 26. ಟಸ್ಕಲೂಸಾದಲ್ಲಿ ಅಲಬಾಮಾ 24–0 ಮುಂದಿತ್ತು. ಕ್ಯಾಮ್ ನ್ಯೂಟನ್ ಇದ್ದ ಆಬರ್ನ್ ತಂಡ ಅಲ್ಲಿಂದ ಎದ್ದು 28–27ಕ್ಕೆ ಗೆದ್ದುಬಿಡ್ತು. ಎರಡು ತಿಂಗಳಾದ ಮೇಲೆ, 2011ರ ಜನವರಿ 27ರಂದು, ಒಬ್ಬ ರೇಡಿಯೋ ಶೋ ಒಂದಕ್ಕೆ ಫೋನ್ ಮಾಡಿದ. ಡೇಡ್‌ವಿಲ್‌ನಿಂದ ಆಲ್ ಮಾತಾಡ್ತಿರೋದು ಅಂದ. ಬೇರ್ ಬ್ರ್ಯಾಂಟ್ ಪ್ರತಿಮೆಗೆ ನ್ಯೂಟನ್ ಜೆರ್ಸಿ ಹಾಕಿದ್ದಾರೆ ಅನ್ನೋ ಸಿಟ್ಟು ತೋಡಿಕೊಂಡ. ಕೊನೆಗೆ, ಟೂಮರ್ಸ್ ಮರಗಳಿಗೆ ವಿಷ ಹಾಕಿದ್ದೀನಿ ಅಂದ.

ಮಣ್ಣು ಪರೀಕ್ಷೆ ಮಾಡಿದ್ರು. ನಿಜ. ಬೇರಿಗೇ ಕಳೆನಾಶಕ ಬಿದ್ದಿತ್ತು. ಆತನ ಹೆಸರು ಹಾರ್ವಿ ಅಪ್‌ಡೈಕ್. ವಯಸ್ಸಲ್ಲಿ ನಮ್ಮ ತಾತನಂಥವನು, ಟೆಕ್ಸಸ್‌ನ ಮಾಜಿ ಪೊಲೀಸ್. ಅಲಬಾಮಾ ಯೂನಿವರ್ಸಿಟಿಯಲ್ಲಿ ಒಂದು ದಿನವೂ ಓದಿದವನಲ್ಲ. 2013ರಲ್ಲಿ ತಪ್ಪು ಒಪ್ಕೊಂಡ, ಎರಡು ತಿಂಗಳಿಗೂ ಹೆಚ್ಚು ಜೈಲಲ್ಲಿದ್ದ. ಸುಮಾರು 8 ಲಕ್ಷ ಡಾಲರ್ ಪರಿಹಾರ ಕಟ್ಟು ಅಂತ ಕೋರ್ಟ್ ಹೇಳ್ತು. ಬಹುಪಾಲು ಬಾಕಿ ಉಳಿಸಿಯೇ 2020ರಲ್ಲಿ ತೀರಿಕೊಂಡ. ಮರಗಳನ್ನು ಉಳಿಸೋಕೆ ಎಷ್ಟೋ ಪ್ರಯತ್ನ ಪಟ್ರು, ಆಗಲಿಲ್ಲ. 2013ರ ಏಪ್ರಿಲ್‌ನಲ್ಲಿ ಕಡಿದು ತೆಗೆದ್ರು.

(6/6)
ಕಥೆ ಇಲ್ಲಿಗೇ ಮುಗಿದಿದ್ರೆ ನಾನು ಇದನ್ನ ಬರೀತಿರಲಿಲ್ಲ.

ವಿಷದ ಸುದ್ದಿ ಬಂದ ಕೂಡಲೇ ಅಲಬಾಮಾ ಅಭಿಮಾನಿಗಳೇ ‘ಟೈಡ್ ಫಾರ್ ಟೂಮರ್ಸ್’ ಅಂತ ಹೆಸರಿಟ್ಟು ಹಣ ಸೇರಿಸಿದ್ರು. ಸುಮಾರು 50 ಸಾವಿರ ಡಾಲರ್, ಎದುರಾಳಿಗಳ ಮರಕ್ಕೆ! ಆಮೇಲೆ 2011ರ ಏಪ್ರಿಲ್ 27ರಂದು ಟಸ್ಕಲೂಸಾಗೆ ಭಯಂಕರ ಸುಂಟರಗಾಳಿ ಬಡೀತು. ಅಲ್ಲಿಂದ ಬರ್ಮಿಂಗ್‌ಹ್ಯಾಮ್‌ವರೆಗೆ 60ಕ್ಕೂ ಹೆಚ್ಚು ಜನ ಸತ್ತರು. ಆಗ ಆಬರ್ನ್ ಅಭಿಮಾನಿಗಳು ‘ಟೂಮರ್ಸ್ ಫಾರ್ ಟಸ್ಕಲೂಸಾ’ ಅಂತ ಗುಂಪು ಕಟ್ಟಿ ನೆರವಿಗೆ ನಿಂತರು. ಮರ ಸಾಯ್ತಾ ಇದ್ದ ದಿನಗಳಲ್ಲೇ ಇದೆಲ್ಲ ಆಗಿದ್ದು.

ಹಾಗಂತ ಕಾಲೆಳೆಯೋದು ನಿಂತಿತಾ? ಎಲ್ಲಿ ನಿಲ್ಲುತ್ತೆ! 2013ರ ನವೆಂಬರ್ 30ರ ಮ್ಯಾಚ್ 28–28ರಲ್ಲಿತ್ತು, ಗಡಿಯಾರ ಸೊನ್ನೆಗೆ ಬಂದಿತ್ತು. ಅಲಬಾಮಾ ಕೋಚ್ ನಿಕ್ ಸೇಬನ್ ಇನ್ನೂ ಒಂದು ಸೆಕೆಂಡ್ ಬಾಕಿ ಇದೆ ಅಂತ ವಾದಿಸಿ ಅದನ್ನ ವಾಪಸ್ ತಗೊಂಡ. ಆ ಒಂದು ಸೆಕೆಂಡಲ್ಲಿ ಗೆಲ್ಲೋಕೆ ಒದ್ದ ಚೆಂಡು ಗುರಿ ಮುಟ್ಟಲಿಲ್ಲ. ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು ಇಡೀ ಮೈದಾನ ಓಡಿ ಗೆಲ್ಲಿಸಿಬಿಟ್ಟ. ‘ಸೆಕೆಂಡ್ ಕೇಳಿದ್ದು ನೀವೇ ಅಲ್ವಾ?’ ಅಂತ ಇವತ್ತಿಗೂ ಕೇಳ್ತಾರೆ. ಅವತ್ತು ಟೂಮರ್ಸ್ ಕಾರ್ನರಲ್ಲಿ ಮರ ಇರಲಿಲ್ಲ. ಕಟ್ಟಿದ್ದ ತಂತಿಗಳ ಮೇಲೆ ಪೇಪರ್ ಎಸೆದ್ರು. 2015ರಲ್ಲಿ ಹೊಸ ಮರ ನೆಟ್ಟರು.

ಸ್ಕೋರ್ ಹಿಡಿದು ಅಣಕಿಸಿ, ಪಂಟ್ ಹಿಡಿದು ಅಣಕಿಸಿ, ಕಳೆದುಹೋದ ಸೆಕೆಂಡ್ ಹಿಡಿದು ಅಣಕಿಸಿ. ಎದುರಿನವನು ಮುಂದಿನ ವರ್ಷ ತಿರುಗಿಸಿ ಕೊಡ್ತಾನೆ, ಲೆಕ್ಕ ಸರಿಹೋಗುತ್ತೆ. ಬೇರಿಗೆ ಕೈ ಹಾಕಿದ್ರೆ ಮಾತ್ರ ತಿರುಗಿಸಿ ಕೊಡೋಕೆ ಏನೂ ಉಳಿಯಲ್ಲ. ನನ್ನ ಮೀಮ್ ಬೇರಿಗೆ ಬಿದ್ದಿತ್ತು.

ನಿನ್ನೆ ಅವನ ಹತ್ರ ಹೋಗಿ ಸಾರಿ ಕೇಳಿ, ಗ್ರೂಪಿಗೆ ವಾಪಸ್ ಸೇರಿಸಿದೆ. ಬಂದವನೇ ಹಾಕಿದ ಮೊದಲ ಮೆಸೇಜ್: ‘ಐದು ಕಪ್ ಅಂದ್ರೆ ಎಷ್ಟು ಅಂತ ಲೆಕ್ಕ ಹಾಕು ಮಗಾ, ಬಿಕಾಂ ಅಲ್ವಾ ನೀನು?’

ಬಡ್ಡಿ ಸಮೇತ ಉತ್ತರ ರೆಡಿ ಮಾಡ್ತಾ ಇದ್ದೀನಿ. ನೀವು ಯಾವ ಕಡೆ? ಕಮೆಂಟಲ್ಲಿ ಹೇಳಿ. ಬೇರು ಬಿಟ್ಟು, ಎಲ್ಲಿಗೆ ಬೇಕಾದ್ರೂ ಹೊಡೀರಿ.