ತೊಗಟೆ ಕಳೆದುಕೊಂಡ 'ಕಾಡಿನ ತಾಯಿ'

ಮರದ ತೊಗಟೆ ಎಷ್ಟು ದಪ್ಪವಿದ್ದೀತು? ಅಮೆರಿಕದ ಕ್ಯಾಲಿಫೋರ್ನಿಯಾ ಬೆಟ್ಟಗಳಲ್ಲಿ ಬೆಳೆಯುವ ದೈತ್ಯ ಸಿಕೋಯಾ ಮರದ ಬುಡದಲ್ಲಿ ಅದು ಒಂದೂವರೆ ಅಡಿ ಇರುವುದೂ ಉಂಟು. ಸುಲಭವಾಗಿ ಹೊತ್ತಿಕೊಳ್ಳದ ಈ ತೊಗಟೆಯೇ ಕಾಡ್ಗಿಚ್ಚಿನಿಂದ ಮರವನ್ನು ಕಾಯುವ ಕವಚ.

ಅಲ್ಲಿನ ಕ್ಯಾಲವೆರಾಸ್ ತೋಪಿನಲ್ಲಿ ಇಂಥದೊಂದು ಮರವಿತ್ತು; ಹೆಸರು 'ಕಾಡಿನ ತಾಯಿ'. 1854ರಲ್ಲಿ, ಪ್ರದರ್ಶನ ನಡೆಸಿ ದುಡ್ಡು ಮಾಡುವ ಆಸೆಯಿಂದ ಕೆಲವರು ಅಟ್ಟಣೆ ಕಟ್ಟಿ 116 ಅಡಿ ಎತ್ತರದವರೆಗೂ ಅದರ ತೊಗಟೆ ಸುಲಿದರು. ಅದೂ ಜೀವಂತ ಮರದಿಂದ! ತುಂಡುಗಳನ್ನು ನ್ಯೂಯಾರ್ಕಿನಲ್ಲಿ, ಆಮೇಲೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಮರದಾಕಾರಕ್ಕೆ ಜೋಡಿಸಿ ನಿಲ್ಲಿಸಿದರು.

ಎಲೆಗಳು ತಯಾರಿಸುವ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಆ ದಾರಿಯೇ ಹೋದ ಮೇಲೆ ಇನ್ನೇನು, ಕೆಲವೇ ವರ್ಷಗಳಲ್ಲಿ ಮರ ಒಣಗಿತು.

1864ರಲ್ಲಿ ಯೊಸೆಮಿಟಿ ಕಣಿವೆಯನ್ನೂ ಮಾರಿಪೋಸಾದ ಸಿಕೋಯಾ ತೋಪನ್ನೂ ರಕ್ಷಿಸುವ ಮಸೂದೆ ಬಂತು. ಅದನ್ನು ಮಂಡಿಸಿದ ಸೆನೆಟರ್ ಜಾನ್ ಕಾನೆಸ್, ಲಂಡನ್ನಿಗೆ ಹೋದ ಸಿಕೋಯಾವನ್ನು ಕಂಡ ಇಂಗ್ಲಿಷರು ಅದು ಅಮೆರಿಕನ್ನರ ಕಟ್ಟುಕತೆಯೆಂದು ನಕ್ಕದ್ದನ್ನು ಸದನಕ್ಕೆ ನೆನಪಿಸಿದರು. ಅಧ್ಯಕ್ಷ ಲಿಂಕನ್ ಸಹಿ ಹಾಕಿದರು. ಕ್ಯಾಲವೆರಾಸ್ ತೋಪು ರಾಜ್ಯ ಉದ್ಯಾನವಾಗಲು ಮಾತ್ರ 1931ರವರೆಗೆ ಕಾಯಬೇಕಾಯಿತು.

ಲಂಡನ್ನಿನಲ್ಲಿದ್ದ ತೊಗಟೆ 1866ರ ಬೆಂಕಿಯಲ್ಲಿ ಸುಟ್ಟುಹೋಯಿತು. ಇತ್ತ ಕವಚವಿಲ್ಲದ ಮರಕ್ಕೆ 1908ರಲ್ಲಿ ಕಾಡ್ಗಿಚ್ಚು ತಗುಲಿತು. ಕರಕಲಾದ ಬೊಡ್ಡೆ ಇಂದಿಗೂ ಅಲ್ಲೇ ನಿಂತಿದೆ.