ಶಾಲೆಗಳಲ್ಲಿ ಹೃದಯಾರೋಗ್ಯ ಶಿಕ್ಷಣ: ಉತ್ತರ ಕರೇಲಿಯಾ

ಫಿನ್‌ಲ್ಯಾಂಡಿನ ಪೂರ್ವ ಗಡಿಯಲ್ಲಿರುವ ಉತ್ತರ ಕರೇಲಿಯಾ ಕಾಡು, ಕೆರೆ, ಹೈನುಗಾರಿಕೆಗಳ ಹಳ್ಳಿಗಾಡು. 1960ರ ದಶಕದಲ್ಲಿ ಇಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೃದಯಾಘಾತಕ್ಕೆ ಬಲಿಯಾಗುವುದು ಮಾಮೂಲಾಗಿಬಿಟ್ಟಿತ್ತು. ಆನ್ಸೆಲ್ ಕೀಸ್ ನೇತೃತ್ವದ ‘ಏಳು ದೇಶಗಳ ಅಧ್ಯಯನ’ದಲ್ಲಿ ಇಂಥ ಸಾವುಗಳು ಅತಿ ಹೆಚ್ಚು ಕಂಡದ್ದು ಪೂರ್ವ ಫಿನ್‌ಲ್ಯಾಂಡಿನಲ್ಲೇ. ಬೆಣ್ಣೆ, ಗಟ್ಟಿ ಹಾಲು, ಉಪ್ಪು, ಸಿಗರೇಟು ಮುಖ್ಯ ಕಾರಣಗಳು. 1971ರಲ್ಲಿ ಪ್ರಾಂತದ ಪ್ರತಿನಿಧಿಗಳು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಮರುವರ್ಷ ತರುಣ ವೈದ್ಯ ಪೆಕ್ಕಾ ಪುಸ್ಕಾ ಅವರ ಮುಂದಾಳತ್ವದಲ್ಲಿ ಉತ್ತರ ಕರೇಲಿಯಾ ಯೋಜನೆ ಆರಂಭವಾಯಿತು.

ಮೊದಮೊದಲು ಗಮನವೆಲ್ಲ ದೊಡ್ಡವರ ಮೇಲಿತ್ತು. ಆದರೆ ಸಿಗರೇಟಿನ ಚಟ ಹತ್ತುವುದು, ನಾಲಿಗೆಗೆ ರುಚಿ ಕೂರುವುದು ಎಳೆತನದಲ್ಲೇ. ಹಾಗಾಗಿ 1978ರಲ್ಲಿ ಏಳನೇ ತರಗತಿಯ, ಹದಿಮೂರರ ಆಸುಪಾಸಿನ ಮಕ್ಕಳಿಗಾಗಿ ಎರಡು ವರ್ಷಗಳ ‘ಯುವಜನ ಯೋಜನೆ’ ರೂಪುಗೊಂಡಿತು. ಎರ್ಕಿ ವಾರ್ಟಿಯಾಯಿನನ್ ಇದರ ಪ್ರಮುಖ ಸಂಶೋಧಕರು. ನಾಲ್ಕು ಶಾಲೆಗಳಲ್ಲಿ ಪಾಠ ನಡೆಯಿತು: ಎರಡರಲ್ಲಿ ಯೋಜನೆಯ ಸಿಬ್ಬಂದಿಯಿಂದ, ಇನ್ನೆರಡರಲ್ಲಿ ಶಾಲೆಯ ಶಿಕ್ಷಕರಿಂದಲೇ. ಹೋಲಿಕೆಗೆಂದು ಬೇರೆ ಪ್ರಾಂತದ ಎರಡು ಶಾಲೆಗಳಿದ್ದವು.

ಇದರ ಹೆಚ್ಚುಗಾರಿಕೆ ಕಲಿಸಿದ ರೀತಿಯಲ್ಲಿದೆ. ಧೂಮಪಾನದಿಂದ ಮುಂದೊಂದು ದಿನ ರೋಗ ಬರುತ್ತದೆಂದು ಹೆದರಿಸಿದರೆ ಹದಿಮೂರರ ಹುಡುಗ ಕೇಳುವುದಿಲ್ಲ; ಅವನಿಗೆ ಗೆಳೆಯರ ಮಾತೇ ದೊಡ್ಡದು. ಆದ್ದರಿಂದ ಮಕ್ಕಳ ನಡುವಿನಿಂದಲೇ ಮುಂದಾಳುಗಳನ್ನು ಆರಿಸಿ ತರಬೇತಿ ಕೊಟ್ಟರು. ತರಗತಿಯಲ್ಲೇ ಸಣ್ಣ ಅಭಿನಯ: ಒಬ್ಬ ಸಿಗರೇಟು ಚಾಚಿ ‘ಒಂದು ದಮ್ಮು ಎಳಿ, ಏನಾಗಲ್ಲ’ ಎಂದು ಪುಸಲಾಯಿಸಬೇಕು, ಇನ್ನೊಬ್ಬ ಗೆಳೆತನ ಕೆಡಿಸಿಕೊಳ್ಳದೆ ಬೇಡವೆನ್ನಬೇಕು. ಊಟದ ವಿಷಯದಲ್ಲಿ ಬರೀ ಬೋಧನೆ ಸಾಲದು. ಫಿನ್‌ಲ್ಯಾಂಡಿನಲ್ಲಿ 1948ರಿಂದಲೇ ಶಾಲೆಯಲ್ಲಿ ಉಚಿತ ಬಿಸಿಯೂಟವಿತ್ತು. ಆ ಅಡುಗೆಮನೆಗಳಲ್ಲೇ ಕೊಬ್ಬು ತೆಗೆದ ಹಾಲಿಗೆ, ಬೆಣ್ಣೆಯ ಬದಲು ಸಸ್ಯಜನ್ಯ ಕೊಬ್ಬಿಗೆ ಜಾಗ ಸಿಕ್ಕಿತು. ಪಾಠದಲ್ಲಿ ಹೇಳಿದ್ದು ತಟ್ಟೆಗೂ ಬಂದದ್ದೇ ಈ ಪ್ರಯೋಗದ ನಿಜವಾದ ಬಲ.

ಅತ್ತ ಅಮೆರಿಕದ ಲೂಸಿಯಾನಾದ ಬೊಗಾಲೂಸಾ ಪಟ್ಟಣದಲ್ಲಿ ಜೆರಾಲ್ಡ್ ಬೆರೆನ್ಸನ್ 1970ರ ದಶಕದಿಂದ ಮಕ್ಕಳ ಹೃದಯಾರೋಗ್ಯದ ಅಧ್ಯಯನ ನಡೆಸುತ್ತಿದ್ದರು. ಎಳೆಯ ವಯಸ್ಸಿನಲ್ಲಿ, ಹೆಚ್ಚಾಗಿ ಅಪಘಾತಗಳಲ್ಲಿ, ಸತ್ತವರ ಮರಣೋತ್ತರ ಪರೀಕ್ಷೆಗಳಲ್ಲಿ ರಕ್ತನಾಳಗಳಿಗೆ ಆಗಲೇ ಕೊಬ್ಬು ಅಂಟಿರುವುದು ಕಂಡಿತು. ಎಳವೆಯಲ್ಲೇ ಶುರು ಮಾಡಬೇಕೆಂಬ ಕರೇಲಿಯಾದವರ ತರ್ಕಕ್ಕೆ ಇದರಿಂದ ಗಟ್ಟಿ ಆಧಾರ ದೊರೆಯಿತು.

ಹದಿನೈದು ವರ್ಷಗಳ ಬಳಿಕ, ಕರೇಲಿಯಾ ಪ್ರಯೋಗದ ಆ ಮಕ್ಕಳಿಗೆ ಇಪ್ಪತ್ತೆಂಟಾದಾಗ ಲೆಕ್ಕ ಹಾಕಿದರೆ, ಪಾಠ ಕಲಿತವರು ಅಲ್ಲಿಯವರೆಗೆ ಸೇದಿದ ಸಿಗರೇಟಿನ ಪ್ರಮಾಣ ಉಳಿದವರಿಗಿಂತ ಶೇ. 22ರಷ್ಟು ಕಡಿಮೆಯಿತ್ತು. ತರಗತಿ ತರಗತಿಯೇ ಸಿಗರೇಟು ಮುಟ್ಟುವುದಿಲ್ಲವೆಂದು ಒಪ್ಪಂದ ಮಾಡಿಕೊಳ್ಳುವ ಸ್ಪರ್ಧೆ 1989ರಲ್ಲಿ ಫಿನ್‌ಲ್ಯಾಂಡಿನಲ್ಲಿ ಶುರುವಾಗಿ, ಮುಂದೆ ಯುರೋಪಿನ ಇತರ ದೇಶಗಳಿಗೂ ಹಬ್ಬಿತು.