ಮಾರಾಟಕ್ಕಿಲ್ಲದ ಅಭ್ಯರ್ಥಿ

ಅಮೆರಿಕದ ಅಧ್ಯಕ್ಷ ಚುನಾವಣೆಯೆಂದರೆ ನಮ್ಮ ಕಣ್ಣಿಗೆ ಬೀಳುವುದು ನವೆಂಬರ್ ತಿಂಗಳಲ್ಲಿ ಎದುರುಬದುರು ನಿಲ್ಲುವ ಇಬ್ಬರೇ. ಅಲ್ಲಿಗೆ ತಲುಪುವ ಮೊದಲು ಅವರು ಎಷ್ಟು ಜನರನ್ನು ಹಿಂದಿಕ್ಕಿ ಬಂದಿದ್ದಾರೆಂಬ ಲೆಕ್ಕ ಯಾರಿಗೂ ಬೇಕಿರುವುದಿಲ್ಲ. ಆದರೆ 1972ರಲ್ಲಿ ಡೆಮಾಕ್ರಟಿಕ್ ಪಕ್ಷದೊಳಗೆ ನಡೆದ ಪೈಪೋಟಿಯನ್ನು ಇಷ್ಟು ವರ್ಷಗಳ ಮೇಲೆ ತಿರುಗಿ ನೋಡಿದರೆ, ಗೆದ್ದವರಿಗಿಂತ ಸೋತವರೇ ನಮ್ಮನ್ನು ಹಿಡಿದು ನಿಲ್ಲಿಸುತ್ತಾರೆ. ಅದರಲ್ಲೂ ಒಬ್ಬಾಕೆ.

ಹೈಕಮಾಂಡ್ ಟಿಕೆಟ್ ಹಂಚುವುದನ್ನೇ ಕಂಡು ಬೆಳೆದ ನಮಗೆ ಅಲ್ಲಿನ ಪ್ರಾಥಮಿಕ ಚುನಾವಣೆ ಸ್ವಲ್ಪ ವಿಚಿತ್ರವೇ. ಪಕ್ಷದ ಹುರಿಯಾಳು ಯಾರೆಂಬುದನ್ನು ಸಾಮಾನ್ಯ ಮತದಾರರೇ ರಾಜ್ಯ ರಾಜ್ಯಗಳಲ್ಲಿ ಮತ ಹಾಕಿ ಹೇಳುತ್ತಾರೆ; ಅದರ ಪ್ರಕಾರ ಪ್ರತಿನಿಧಿಗಳು ಪಕ್ಷದ ಅಧಿವೇಶನಕ್ಕೆ ಹೋಗುತ್ತಾರೆ. ಮೊದಲಿನಿಂದಲೂ ಹೀಗೇನೂ ಇರಲಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರಾಥಮಿಕ ಚುನಾವಣೆಗಳ ಕಣಕ್ಕೇ ಇಳಿಯದೆ, ಪಕ್ಷದ ಧಣಿಗಳ ಕೃಪೆಯಿಂದ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧ ಬೇಡವೆಂದು ಮತ ಹಾಕಿದ ಲಕ್ಷಾಂತರ ಮಂದಿಯ ಮಾತು ಲೆಕ್ಕಕ್ಕೇ ಬರಲಿಲ್ಲ. ಷಿಕಾಗೋ ಅಧಿವೇಶನದ ಹೊರಗೆ ಪೊಲೀಸರು ಲಾಠಿ ಬೀಸುವುದನ್ನು ಜಗತ್ತು ಟಿವಿಯಲ್ಲಿ ನೋಡಿತು. ಆ ಅವಮಾನದ ನಂತರ ಪಕ್ಷ ಒಂದು ಸಮಿತಿ ನೇಮಿಸಿ ನಿಯಮಗಳನ್ನು ಬದಲಿಸಿತು. ಪ್ರತಿನಿಧಿಗಳಲ್ಲಿ ಹೆಂಗಸರಿಗೆ, ಯುವಕರಿಗೆ, ಕಪ್ಪು ಜನರಿಗೆ ನ್ಯಾಯವಾದ ಪಾಲಿರಬೇಕೆಂದಿತು. ಆ ಸಮಿತಿಯ ಅಧ್ಯಕ್ಷರಾಗಿದ್ದ ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಹೊಸ ನಿಯಮದಡಿ ತಾವೇ ಕಣಕ್ಕಿಳಿದರು. ನಿಯಮ ಬರೆದವರಿಗೆ ಅದರ ಸಂದುಗೊಂದುಗಳೂ ಗೊತ್ತಿರುತ್ತವಲ್ಲ!

ಬಾಗಿಲು ತೆರೆದದ್ದೇ ತಡ, ಹನ್ನೆರಡಕ್ಕೂ ಹೆಚ್ಚು ಮಂದಿ ನುಗ್ಗಿದರು. ಹಂಫ್ರಿ ಮತ್ತೆ ಬಂದರು. ನ್ಯೂಯಾರ್ಕಿನ ಮೇಯರ್ ಬಂದರು, ಲಾಸ್ ಏಂಜಲೀಸಿನ ಮೇಯರೂ ಬಂದರು. ಹವಾಯಿಯ ಸಂಸದೆ, ಜಪಾನಿ ಮೂಲದ ಪ್ಯಾಟ್ಸಿ ಮಿಂಕ್ ಯುದ್ಧವನ್ನು ವಿರೋಧಿಸಿ ಆರೆಗಾನ್ ರಾಜ್ಯದಲ್ಲಿ ನಿಂತರು. ಆರಂಭದಲ್ಲಿ ಎಲ್ಲರಿಗಿಂತ ಮುಂದಿದ್ದವರು ಮೇನ್ ರಾಜ್ಯದ ಸೆನೆಟರ್ ಎಡ್ಮಂಡ್ ಮಸ್ಕಿ. ತಮ್ಮ ಹೆಂಡತಿಯನ್ನು ಹೀಯಾಳಿಸಿದ ಪತ್ರಿಕೆಯ ಕಚೇರಿಯೆದುರು, ಸುರಿಯುವ ಹಿಮದಲ್ಲಿ ನಿಂತು ಮಾತಾಡುವಾಗ ಅವರ ಗಂಟಲು ಕಟ್ಟಿತು. ಮಸ್ಕಿ ಅತ್ತರೆಂದು ವರದಿಗಳಾದವು. ಕೆನ್ನೆಯ ಮೇಲಿದ್ದದ್ದು ಕರಗಿದ ಹಿಮವೆಂದು ಅವರ ಕಡೆಯವರು ವಾದಿಸಿದರು. ಆ ರಾಜ್ಯದಲ್ಲಿ ಗೆದ್ದರೂ ಎಣಿಸಿದಷ್ಟು ಮತ ಬರಲಿಲ್ಲ, ಅಲ್ಲಿಂದಾಚೆಗೆ ಕುಸಿಯುತ್ತಲೇ ಹೋದರು. ಹೆಂಡತಿಯ ಮಾನಕ್ಕಾಗಿ ಗಂಡಸು ಕಣ್ಣೀರು ಹಾಕಿದರೆ ದೇಶ ಆಳಲು ನಾಲಾಯಕ್ ಎಂಬ ಈ ತೀರ್ಪಿನ ಮೇಲೆ ಒಂದು ಕಥೆಯನ್ನೇ ಬರೆಯಬಹುದು.

ಇವರೆಲ್ಲರ ನಡುವೆ ಶರ್ಲಿ ಚಿಸಮ್. 1924ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ತಂದೆ ಕಾರ್ಖಾನೆಯ ಕೂಲಿ. ತಾಯಿ ಬಟ್ಟೆ ಹೊಲಿಯುತ್ತಿದ್ದರು, ಪರರ ಮನೆಗೆಲಸವನ್ನೂ ಮಾಡುತ್ತಿದ್ದರು. ಮಗಳ ಬಾಲ್ಯದ ಕೆಲವು ವರ್ಷಗಳು ಬಾರ್ಬಡೋಸ್ ದ್ವೀಪದಲ್ಲಿ ಅಜ್ಜಿಯ ಮನೆಯಲ್ಲಿ ಕಳೆದವು. ಮಕ್ಕಳ ಶಾಲೆಯ ಶಿಕ್ಷಕಿಯಾಗಿ ದುಡಿದು, 1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊತ್ತಮೊದಲ ಕಪ್ಪು ಮಹಿಳೆಯಾದರು. ಯಾರೂ ಕೊಳ್ಳಲಾಗದವಳು, ಯಾರ ಅಂಕೆಗೂ ಸಿಗದವಳು ಎಂಬುದು ಅವರ ಘೋಷಣೆ. ಮಹಾನಗರದಿಂದ ಬಂದ ಈ ಸಂಸದೆಯನ್ನು ಕೃಷಿ ಸಮಿತಿಗೆ ಹಾಕಿದಾಗ ಅವರು ಸುಮ್ಮನೆ ಕೂರದೆ ಜಗಳ ತೆಗೆದು ಬೇರೆ ಸಮಿತಿ ಪಡೆದರು.

1972ರ ಜನವರಿ 25ರಂದು ಬ್ರೂಕ್ಲಿನ್‌ನ ಒಂದು ಚರ್ಚಿನಲ್ಲಿ ನಿಂತು ಅಧ್ಯಕ್ಷ ಪದವಿಗೆ ಸ್ಪರ್ಧಿಸುವುದಾಗಿ ಸಾರಿದರು. ಕಪ್ಪು ಜನಾಂಗದವಳೆಂಬ ಹೆಮ್ಮೆಯಿದೆ, ಆದರೆ ಬರೀ ಅವರ ಅಭ್ಯರ್ಥಿಯಲ್ಲ. ಹೆಣ್ಣೆಂಬ ಹೆಮ್ಮೆಯಿದೆ, ಆದರೆ ಬರೀ ಮಹಿಳಾ ಚಳವಳಿಯ ಅಭ್ಯರ್ಥಿಯೂ ಅಲ್ಲ ಎಂದರು. ಆಮೇಲೆ ನಡೆದದ್ದು ಅದೇ ಮಾತಿನ ಉಲ್ಟಾ. ಕಪ್ಪು ನಾಯಕರಲ್ಲಿ ಅನೇಕರು ತಮ್ಮನ್ನು ಕೇಳದೆ ನಿಂತಳೆಂದು ಮುನಿಸಿಕೊಂಡರು. ಮಹಿಳಾ ಚಳವಳಿಯ ದೊಡ್ಡ ಹೆಸರುಗಳು ಒಂದು ಕಾಲನ್ನು ಇವರ ದೋಣಿಯಲ್ಲೂ ಇನ್ನೊಂದನ್ನು ಮೆಕ್‌ಗವರ್ನ್ ದೋಣಿಯಲ್ಲೂ ಇಟ್ಟಿದ್ದವು. ಕಪ್ಪು ಬಣ್ಣಕ್ಕಿಂತ ಹೆಣ್ಣಾಗಿದ್ದಕ್ಕೇ ತಾನು ಹೆಚ್ಚು ತಾರತಮ್ಯ ಉಂಡೆನೆಂದು ಚಿಸಮ್ ಮುಂದೆ ಮತ್ತೆ ಮತ್ತೆ ಹೇಳಿದರು. ಕೈಯಲ್ಲಿ ಕಾಸಿರಲಿಲ್ಲ. ಕ್ಯಾಲಿಫೋರ್ನಿಯಾದ ಟಿವಿ ಚರ್ಚೆಗಳು ಹಂಫ್ರಿ, ಮೆಕ್‌ಗವರ್ನ್ ಇಬ್ಬರಿಗೇ ಮೀಸಲಾದಾಗ ಕೋರ್ಟಿಗೆ ಹೋಗಿ ತಮ್ಮ ಪಾಲಿನ ಸಮಯ ಗಿಟ್ಟಿಸಿಕೊಂಡರು. ಹಂಫ್ರಿಯವರ ಲೆಟರ್‌ಹೆಡ್‌ನಲ್ಲಿ, ಈಕೆ ಹಿಂದೆ ಹುಚ್ಚಾಸ್ಪತ್ರೆಯಲ್ಲಿದ್ದಳೆಂಬ ಸುಳ್ಳು ಹೇಳಿಕೆ ಹೊರಬಿತ್ತು. ಅದು ನಿಕ್ಸನ್ ಪಾಳೆಯದ ಕಿತಾಪತಿಯೆಂದು ವಾಟರ್‌ಗೇಟ್ ತನಿಖೆಯಲ್ಲಿ ಬಯಲಾಯಿತು.

ಅದೇ ಕಣದಲ್ಲಿ ಅಲಬಾಮಾದ ಗವರ್ನರ್ ಜಾರ್ಜ್ ವಾಲೆಸ್ ಕೂಡ ಇದ್ದರು. ಬಿಳಿಯರೂ ಕಪ್ಪು ಜನರೂ ಎಂದೆಂದಿಗೂ ಬೇರೆ ಬೇರೆಯೇ ಎಂದು 1963ರಲ್ಲಿ ಅಬ್ಬರಿಸಿದ ಮನುಷ್ಯ. ಇಬ್ಬರು ಕಪ್ಪು ವಿದ್ಯಾರ್ಥಿಗಳು ಒಳಗೆ ಕಾಲಿಡದಂತೆ ವಿಶ್ವವಿದ್ಯಾಲಯದ ಬಾಗಿಲಿಗೇ ಅಡ್ಡ ನಿಂತ ಮನುಷ್ಯ. 1972ರ ಮೇ 15ರಂದು ಮೇರಿಲ್ಯಾಂಡ್‌ನ ಪ್ರಚಾರ ಸಭೆಯಲ್ಲಿ ಅವರಿಗೆ ಗುಂಡು ಬಿತ್ತು. ಮರುದಿನ ಎರಡು ರಾಜ್ಯಗಳಲ್ಲಿ ಗೆದ್ದರು. ಸೊಂಟದ ಕೆಳಗಿನ ಬಲ ಮಾತ್ರ ಮತ್ತೆಂದೂ ಬರಲಿಲ್ಲ. ಚಿಸಮ್ ಆಸ್ಪತ್ರೆಗೆ ಹೋಗಿ ಅವರ ಮಂಚದ ಪಕ್ಕ ನಿಂತರು. ನಿನ್ನ ಜನ ಏನೆಂದಾರು ಎಂದು ವಾಲೆಸ್ ಕೇಳಿದರಂತೆ. ಏನೆನ್ನುತ್ತಾರೆಂದು ಗೊತ್ತು, ಆದರೆ ನಿಮಗಾದದ್ದು ಯಾರಿಗೂ ಆಗಬಾರದು ಎಂದರಂತೆ ಚಿಸಮ್. ವಾಲೆಸ್ ಅತ್ತರು. ಉರ್ದುವಿನಲ್ಲಿ ರೋಗಿಯನ್ನು ನೋಡಿ ಬರುವುದಕ್ಕೆ ಇಯಾದತ್ ಎಂಬ ಪ್ರತ್ಯೇಕ ಪದವೇ ಇದೆ. ಅಲ್ಲಿ ಮಲಗಿರುವವನು ಯಾವ ಪಕ್ಷದವನೆಂದು ಆ ಪದ ಕೇಳುವುದಿಲ್ಲ.

ಜನ ಮಾತ್ರ ಕೇಳಿದರು. ಬ್ರೂಕ್ಲಿನ್‌ನ ಸ್ವಂತ ಮತದಾರರೇ ಸಿಡಿದರು. ಕ್ಯಾಲಿಫೋರ್ನಿಯಾದಲ್ಲಿ ಚಿಸಮ್ ಪರ ದುಡಿಯುತ್ತಿದ್ದ ಬಾರ್ಬರಾ ಲೀ ಎಂಬ ವಿದ್ಯಾರ್ಥಿನಿಗೂ ಸಿಟ್ಟು ಬಂತು. ಒಂಟಿಯಾಗಿ ಮಕ್ಕಳನ್ನು ಸಾಕುತ್ತಿದ್ದ ಆಕೆ, ಚಿಸಮ್ ಗದರಿಸಿದ ಮೇಲಷ್ಟೇ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದವರು. ನಾವೆಲ್ಲ ಮನುಷ್ಯರೆಂಬುದನ್ನು ಮರೆಯಬೇಡ, ಆತನಿಗೂ ಏನಾದರೂ ಕಲಿಸಲಾದೀತು ಎಂದು ಚಿಸಮ್ ಹೇಳಿದ್ದನ್ನು ಲೀ ನೆನೆದುಕೊಂಡಿದ್ದಾರೆ.

ಜುಲೈ ತಿಂಗಳ ಮಯಾಮಿ ಬೀಚ್ ಅಧಿವೇಶನದಲ್ಲಿ ಚಿಸಮ್‌ಗೆ ಸಿಕ್ಕಿದ್ದು 152 ಪ್ರತಿನಿಧಿಗಳ ಮತ. ಅದರಲ್ಲೂ ಒಂದು ಪಾಲು, ಹಂಫ್ರಿ ಹಿಂದೆ ಸರಿದು ತಮ್ಮ ಕಪ್ಪು ಪ್ರತಿನಿಧಿಗಳನ್ನು ಬಿಟ್ಟುಕೊಟ್ಟದ್ದರಿಂದ ಬಂದದ್ದು. ಅಭ್ಯರ್ಥಿಯಾದ ಮೆಕ್‌ಗವರ್ನ್ ನವೆಂಬರಿನಲ್ಲಿ 50ರ ಪೈಕಿ 49 ರಾಜ್ಯಗಳನ್ನು ಕಳೆದುಕೊಂಡರು. ಗೆದ್ದ ನಿಕ್ಸನ್ 1974ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟು ಹೋದರು.

ಅದೇ 1974ರಲ್ಲಿ ಮನೆಗೆಲಸದವರಿಗೂ ಕನಿಷ್ಠ ಕೂಲಿ ಸಿಗಬೇಕೆಂಬ ತಿದ್ದುಪಡಿ ಕಾನೂನಾಯಿತು. ಅದಕ್ಕಾಗಿ ಹೋರಾಡಿದವರಲ್ಲಿ ಮುಂದಿದ್ದವರು ಮನೆಗೆಲಸದಾಕೆಯ ಮಗಳಾದ ಚಿಸಮ್. ದಕ್ಷಿಣದ ಸಂಸದರ ಮತಗಳು ಬೇಕಾಗಿದ್ದಾಗ ವಾಲೆಸ್ ತಾವಾಗಿ ಅವರೊಡನೆ ಮಾತಾಡಿ ನೆರವಾದರೆಂದು ಚಿಸಮ್ ಹೇಳಿಕೊಂಡಿದ್ದಾರೆ. ಬೇಕಾದರೆ ರಾಜಕೀಯದ ಕೊಡುಕೊಳ್ಳುವಿಕೆ ಎನ್ನಿ. ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕುವ ಹೆಂಗಸಿನ ಕೈಗೆ ಬಂದ ಡಾಲರು ಮಾತ್ರ ನಿಜದ್ದೇ.

ಚಿಸಮ್ 1983ರಲ್ಲಿ ಸಂಸತ್ತು ಬಿಟ್ಟರು, 2005ರ ಜನವರಿ 1ರಂದು ತೀರಿಕೊಂಡರು. ಆ ಸಿಟ್ಟಿನ ವಿದ್ಯಾರ್ಥಿನಿ ಬಾರ್ಬರಾ ಲೀ 1998ರಲ್ಲಿ ಸಂಸದೆಯಾದರು. 2001ರ ಸೆಪ್ಟೆಂಬರ್ 14ರಂದು, ನ್ಯೂಯಾರ್ಕಿನ ಗೋಪುರಗಳ ಧೂಳು ಇನ್ನೂ ಇಳಿಯದಿದ್ದಾಗ, ಯುದ್ಧಕ್ಕೆ ಅಧ್ಯಕ್ಷರಿಗೆ ಪರವಾನಗಿ ಕೊಡುವ ನಿರ್ಣಯ ಕೆಳಮನೆಗೆ ಬಂತು. ಪರ 420, ವಿರೋಧ 1. ಆ ಒಂದು ಮತ ಲೀ ಅವರದು. ಕೊಲೆ ಬೆದರಿಕೆಗಳು ಬಂದವು. 2024ರ ಡಿಸೆಂಬರಿನಲ್ಲಿ, ಸಂಸತ್ತಿನಲ್ಲಿ ತಮ್ಮ ಅವಧಿ ಮುಗಿಯಲು ಕೆಲವೇ ವಾರಗಳಿದ್ದಾಗ, ಲೀ ಬೆಂಬಲಿಸಿದ್ದ ಒಂದು ಮಸೂದೆ ಕಾನೂನಾಯಿತು: ಶರ್ಲಿ ಚಿಸಮ್ ಅವರಿಗೆ ಮರಣೋತ್ತರವಾಗಿ ಸಂಸತ್ತಿನ ಚಿನ್ನದ ಪದಕ.